ಹಡಗಿನ ಹೆಸರು ಸಾಲದು, ಸಂಖ್ಯೆ ಬೇಕು

"ಮಗ ಫೋನು ಮಾಡದೆ ಇವತ್ತಿಗೆ ಇಪ್ಪತ್ತೆರಡು ದಿನ ಆಯ್ತು ವಕೀಲರೇ" ಎನ್ನುತ್ತಾ ಮೂಲ್ಕಿ ಕಡೆಯ ತಾಯಿಯೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಯಾವ ಹಡಗಮ್ಮಾ ಎಂದು ಕೇಳಿದೆ. "ಓಷನ್ ಅಂತ ಏನೋ ಶುರು ಆಗ್ತದೆ, ಮುಂದಿನದು ಬಾಯಿಗೆ ಬರುವುದಿಲ್ಲ" ಎಂದರು. ಓಷನ್ ಎಂದು ಶುರುವಾಗುವ ಹಡಗುಗಳು ಜಗತ್ತಿನಲ್ಲಿ ಲೆಕ್ಕವಿಲ್ಲದಷ್ಟಿವೆ. ಏಜೆಂಟನ ಕಚೇರಿಯವರು ಫೋನಿನಲ್ಲಿ "ಎಲ್ಲಾ ಸರಿ ಇದೆ, ಗಾಬರಿ ಮಾಡ್ಕೊಳ್ಬೇಡಿ" ಎಂದು ಎರಡು ಸಲ ಹೇಳಿ, ಮೂರನೆಯ ಸಲ ಎತ್ತುವುದನ್ನೇ ಬಿಟ್ಟಿದ್ದರು. ತಾಯಿಯ ಮೊಬೈಲಿನಲ್ಲಿ ಮಗನ ಒಂದು ಫೋಟೊ ಇತ್ತು. ಹಡಗು ಹತ್ತುವ ದಿನ ಬಂದರಿನ ಕಟ್ಟೆಯಲ್ಲಿ ನಿಂತು ತೆಗೆಸಿಕೊಂಡದ್ದು. ಬೆನ್ನ ಹಿಂದೆ ಹಡಗಿನ ಹಿಂಭಾಗ, ಅದರ ಮೇಲೆ ಹೆಸರು, ನೋಂದಣಿಯ ಬಂದರು, ಅವುಗಳ ಕೆಳಗೆ ಐಎಂಒ ಎಂಬ ಮೂರು ಅಕ್ಷರ ಮತ್ತು ಏಳು ಅಂಕಿ. ಫೋಟೊ ಹಿಗ್ಗಿಸಿ ಆ ಏಳು ಅಂಕಿಗಳನ್ನು ಬರೆದುಕೊಂಡೆವು. ಸಂಜೆಯೊಳಗೆ ಹಡಗು ಯಾರದು, ನಡೆಸುವವರು ಯಾರು ಎಂಬುದು ಗೊತ್ತಾಯಿತು. ನಾಲ್ಕನೆಯ ದಿನ ಹುಡುಗನ ಫೋನೂ ಬಂತು. ಬಂದರಿನ ಹೊರಗೆ ಲಂಗರು ಹಾಕಿ ನಿಂತಿದ್ದ ಹಡಗಿನಲ್ಲಿ ಅವನು ಕ್ಷೇಮವಾಗಿದ್ದ.

ಎಲ್ಲ ಮನೆಗಳಿಗೂ ಹೀಗೆ ಫೋನು ಬರುವುದಿಲ್ಲ. ಆದರೆ ಹುಡುಕಾಟ ಶುರುವಾಗುವುದು ಎಲ್ಲರಿಗೂ ಆ ಏಳು ಅಂಕಿಗಳಿಂದಲೇ.

ಹಡಗು ಮಾರಾಟವಾದಾಗ ಹೆಸರು ಬದಲಾಗುತ್ತದೆ, ಬಾವುಟ ಬದಲಾಗುತ್ತದೆ, ಬಣ್ಣವೂ ಬದಲಾಗುತ್ತದೆ. ಬದಲಾಗದೆ ಉಳಿಯುವುದು ಐಎಂಒ ಸಂಖ್ಯೆ. ಅಂತರರಾಷ್ಟ್ರೀಯ ಕಡಲ ಸಂಸ್ಥೆ, ಅಂದರೆ ಐಎಂಒ, 1987ರಲ್ಲಿ ಒಪ್ಪಿದ ಈ ಪದ್ಧತಿ 1996ರ ಜನವರಿ 1ರಿಂದ ಕಡ್ಡಾಯವಾಯಿತು. ಹಡಗಿನ ಮೈಮೇಲೆ ಎದ್ದು ಕಾಣುವಂತೆ, ಕನಿಷ್ಠ 200 ಮಿಲಿಮೀಟರ್ ಎತ್ತರದ ಅಂಕಿಗಳಲ್ಲಿ ಇದನ್ನು ಕೆತ್ತಿಯೋ ಬೆಸುಗೆ ಹಾಕಿಯೋ ಇಟ್ಟಿರುತ್ತಾರೆ. ನೀವು ಬರೆದುಕೊಂಡ ಸಂಖ್ಯೆ ಸರಿಯೇ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ. ಮೊತ್ತದ ಕೊನೆಯ ಅಂಕಿ, ಸಂಖ್ಯೆಯ ಏಳನೆಯ ಅಂಕಿಯೇ ಆಗಿರಬೇಕು. 9074729 ಎಂಬುದನ್ನು ಹಾಗೆ ಕೂಡಿಸಿದರೆ 139 ಬರುತ್ತದೆ. ಕೊನೆಯ 9 ತಾಳೆಯಾಯಿತು. ಮಸುಕು ಫೋಟೊದಲ್ಲಿ ಒಂದು ಅಂಕಿಯ ಬಗ್ಗೆ ಅನುಮಾನ ಬಂದಾಗ ಈ ಲೆಕ್ಕ ಬಹಳ ಸಲ ಕೈಹಿಡಿಯುತ್ತದೆ.

ಸಂಖ್ಯೆ ಸಿಕ್ಕ ಮೇಲೆ ಈಕ್ವಾಸಿಸ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಹೆಸರು ನೋಂದಾಯಿಸಿ ಹಡಗಿನ ಮಾಲೀಕ ಕಂಪನಿ, ನಿರ್ವಾಹಕ ಕಂಪನಿ, ಬಾವುಟದ ದೇಶ, ಹಿಂದಿನ ಹೆಸರುಗಳು, ತಪಾಸಣೆಯ ವಿವರಗಳನ್ನು ನೋಡಬಹುದು. ಐಎಂಒದ್ದೇ ಆದ ಜಿಸಿಸ್ ಎಂಬ ಮಾಹಿತಿಕೋಶವೂ ಸಾರ್ವಜನಿಕರಿಗೆ ತೆರೆದಿದೆ. ಹಡಗು ಈಗ ಎಲ್ಲಿದೆ ಎಂದು ತೋರಿಸುವ ನಕ್ಷೆಗಳನ್ನು ಹಲವರು ನೋಡಿರುತ್ತೀರಿ. ಅವುಗಳ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ನಕ್ಷೆಯಿಂದ ಹಡಗು ಮಾಯವಾದರೆ ಮುಳುಗಿತು ಎಂದು ಅರ್ಥವಲ್ಲ. ಉಚಿತ ನಕ್ಷೆಗಳು ಹೆಚ್ಚಾಗಿ ದಡದ ಮೇಲಿನ ಗ್ರಾಹಕಗಳನ್ನು ನಂಬಿವೆ. ಹಡಗು ನಡುಗಡಲು ಸೇರಿದರೆ ಸಂಕೇತ ದಡ ಮುಟ್ಟುವುದಿಲ್ಲ. ಕಡಲ್ಗಳ್ಳರ ಭಯವಿರುವ ಕಡೆ ಕಪ್ತಾನನೇ ಅದನ್ನು ಆರಿಸುವುದೂ ಉಂಟು. ಪರದೆಯ ಮೇಲಿನ ಚುಕ್ಕಿ ಕಾಣದಾಯಿತೆಂದು ರಾತ್ರಿಯಿಡೀ ಅತ್ತ ಹೆಂಡತಿಯರನ್ನು ಕಂಡಿದ್ದೇನೆ.

ಹಡಗಿನ ಸಂಖ್ಯೆಯಂತೆಯೇ ಮನುಷ್ಯನಿಗೂ ಎರಡು ಸಂಖ್ಯೆಗಳಿವೆ. ಒಂದು, ನಾವಿಕನ ಸೇವಾ ದಾಖಲೆಯಾದ ಸಿಡಿಸಿ ಪುಸ್ತಕದ್ದು. ಇನ್ನೊಂದು, ಭಾರತೀಯ ನಾವಿಕರ ರಾಷ್ಟ್ರೀಯ ದತ್ತಾಂಶದ ಇಂಡಾಸ್ ಸಂಖ್ಯೆ. ಎಲ್ಲರೂ ಡಿಜಿ ಶಿಪ್ಪಿಂಗ್ ಎಂದು ಕರೆಯುವ, ಮುಂಬೈಯ ನೌಕಾಯಾನ ಮಹಾನಿರ್ದೇಶನಾಲಯದಲ್ಲಿ ನಿಮ್ಮ ಮಾತು ಬೇಗ ಮುಂದೆ ಹೋಗಬೇಕಾದರೆ ಈ ಎರಡೂ ಬೇಕು. ವಿದೇಶಿ ಹಡಗಿಗೆ ಭಾರತದಿಂದ ಜನ ಕಳಿಸುವ ಏಜೆಂಟರಿಗೆ ಡಿಜಿ ಶಿಪ್ಪಿಂಗ್ ಕೊಡುವ ಆರ್‌ಪಿಎಸ್‌ಎಲ್ ಪರವಾನಗಿ ಇರಲೇಬೇಕು. ಯಾರನ್ನು ಯಾವ ಹಡಗಿಗೆ ಹತ್ತಿಸಿದರು ಎಂಬ ವಿವರವನ್ನು ಅವರು ಸರ್ಕಾರದ ವ್ಯವಸ್ಥೆಗೆ ಸಲ್ಲಿಸಬೇಕು. ಆದ್ದರಿಂದ ಏಜೆಂಟ್ ಫೋನು ಎತ್ತದಿದ್ದರೂ ಅವನು ಕೊಟ್ಟ ವಿವರ ಸರ್ಕಾರದ ಬಳಿ ಇರುತ್ತದೆ. ಪರವಾನಗಿ ಇಲ್ಲದವನ ಕೈಗೆ ಲಕ್ಷಗಟ್ಟಲೆ ಕೊಟ್ಟು ಹಡಗು ಹತ್ತಿದವರ ಮನೆಯವರಿಗೆ ಈ ದಾರಿ ಬಹುತೇಕ ಮುಚ್ಚಿರುತ್ತದೆ. ಕೆಲಸ ಕೊಡಿಸಲು ನಾವಿಕನಿಂದ ಹಣ ಪಡೆಯುವುದೇ ಕಾನೂನಿಗೆ ವಿರುದ್ಧ. ಹಣ ಕೇಳಿದ ಕ್ಷಣದಲ್ಲೇ ಎದ್ದು ಬರಬೇಕು.

ದೂರು ಬರವಣಿಗೆಯಲ್ಲಿರಲಿ. ಏಜೆಂಟ್, ಹಡಗಿನ ನಿರ್ವಾಹಕ ಕಂಪನಿ, ಡಿಜಿ ಶಿಪ್ಪಿಂಗ್ ಮೂವರಿಗೂ ಒಂದೇ ದಿನ ಇಮೇಲ್ ಹೋಗಲಿ. ಹಡಗು ವಿದೇಶಿ ಬಂದರಿನಲ್ಲಿದ್ದರೆ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿದರೆ ಅದು ಅಲ್ಲಿನ ರಾಯಭಾರ ಕಚೇರಿಗೆ ತಲುಪುತ್ತದೆ. ನಾವಿಕ ಸಂಘಟನೆಯ ಸದಸ್ಯನಾಗಿದ್ದರೆ ಆ ಸಂಘಟನೆಗೂ ತಿಳಿಸಿ. ಅಂತರರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟದ ಪರಿವೀಕ್ಷಕರು ಅನೇಕ ಬಂದರುಗಳಲ್ಲಿ ಹಡಗಿನ ಮೇಲೇ ಹತ್ತಿ ವಿಚಾರಿಸಬಲ್ಲರು. ಹಡಗು ಅಪಾಯದಲ್ಲಿದೆ ಎಂಬ ಸುದ್ದಿ ಬಂದರೆ ಮಾತ್ರ ಕಾಗದ ಬರೆಯುತ್ತ ಕೂರಬೇಡಿ, ಕರಾವಳಿ ಕಾವಲು ಪಡೆಯ 1554ಕ್ಕೆ ಕರೆ ಮಾಡಿ.

ಉತ್ತರವೇ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಇದೆ. ಡಿಜಿ ಶಿಪ್ಪಿಂಗ್ ಕೇಂದ್ರ ಸರ್ಕಾರದ ಕಚೇರಿ. 10 ರೂಪಾಯಿ ಶುಲ್ಕ ಕಟ್ಟಿ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಸಾಮಾನ್ಯವಾಗಿ 30 ದಿನ ಕಾಯಬೇಕು. ಆದರೆ ಕೇಳುತ್ತಿರುವ ಮಾಹಿತಿ ವ್ಯಕ್ತಿಯೊಬ್ಬನ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ ಸೆಕ್ಷನ್ 7(1)ರ ಪ್ರಕಾರ 48 ಗಂಟೆಯೊಳಗೆ ಕೊಡಬೇಕು. ಈ ಸೆಕ್ಷನ್ನನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ. ಏಜೆಂಟ್ ಖಾಸಗಿಯವನು, ಅವನ ಮಾಹಿತಿ ನಮಗೆ ಹೇಗೆ ಸಿಗುತ್ತದೆ ಎಂದು ಅಂಜಬೇಕಾಗಿಲ್ಲ. ಬೇರೆ ಕಾನೂನಿನ ಬಲದಿಂದ ಸರ್ಕಾರ ಖಾಸಗಿಯವರಿಂದ ಪಡೆಯಬಹುದಾದ ಮಾಹಿತಿಯೂ ಸೆಕ್ಷನ್ 2(ಎಫ್)ರ ಅರ್ಥದಲ್ಲಿ ಮಾಹಿತಿಯೇ.

ಇನ್ನು ಬರೆಯಲು ಕಷ್ಟವಾಗುವ ಭಾಗ. ಮನುಷ್ಯನೇ ಸಿಗದಿದ್ದಾಗ ಏನು ಮಾಡುವುದು?

1979ರ ಜೂನ್ 30ರಂದು ಕಬ್ಬಿಣದ ಅದಿರು ತುಂಬಿಕೊಂಡು ಗೋವಾದ ಮರ್ಮಗೋವಾ ಬಂದರು ಬಿಟ್ಟ ಕೇರಳದ ಎಂವಿ ಕೈರಳಿ ಹಡಗಿನಿಂದ ಜುಲೈ 3ರ ನಂತರ ಒಂದು ಸಂದೇಶವೂ ಬರಲಿಲ್ಲ. ಜರ್ಮನಿಯ ರೋಸ್ಟಾಕ್‌ಗೆ ಹೊರಟಿದ್ದ ಹಡಗು ಎಲ್ಲಿ ಹೋಯಿತೆಂದು ಇಂದಿಗೂ ಗೊತ್ತಿಲ್ಲ. ನಮ್ಮದೇ ಮಲ್ಪೆಯಿಂದ 2018ರ ಡಿಸೆಂಬರ್ 13ರಂದು ಏಳು ಮಂದಿ ಮೀನುಗಾರರೊಂದಿಗೆ ಹೊರಟ ಸುವರ್ಣ ತ್ರಿಭುಜ ದೋಣಿಯನ್ನು ಉಡುಪಿ, ಉತ್ತರ ಕನ್ನಡದವರು ಮರೆತಿಲ್ಲ. 2019ರ ಮೇ ತಿಂಗಳಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಾಲ್ವಣದಾಚೆ ಸಮುದ್ರತಳದಲ್ಲಿ ದೋಣಿಯ ಅವಶೇಷವನ್ನು ಪತ್ತೆ ಹಚ್ಚಿತು. ಏಳು ಮಂದಿ ಸಿಗಲಿಲ್ಲ. ಅದು ವಾಣಿಜ್ಯ ಹಡಗಲ್ಲ, ಆದರೆ ದೇಹ ಸಿಗದ ಮನೆಗೆ ಕಾನೂನು ಕೇಳುವ ಪ್ರಶ್ನೆ ಎರಡೂ ಕಡೆ ಒಂದೇ.

ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತನೆಂದು ಭಾವಿಸಬಹುದು ಎಂಬುದು ಹಳೆಯ ಸಾಕ್ಷ್ಯ ಕಾಯ್ದೆಯ 108ನೇ ಸೆಕ್ಷನ್ನಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 111ನೇ ಸೆಕ್ಷನ್. ಅವನು ಬದುಕಿದ್ದರೆ ಸಹಜವಾಗಿ ಯಾರಿಗೆ ಸುದ್ದಿ ಬರಬೇಕಿತ್ತೋ ಅವರಿಗೆ ಬಂದಿಲ್ಲ ಎಂಬುದನ್ನು ತೋರಿಸಬೇಕು. ತೋರಿಸಲು ಬೇಕಾದದ್ದು ಕಾಗದ. ಊರಿನ ಠಾಣೆಯಲ್ಲಿ ಕೊಟ್ಟ ನಾಪತ್ತೆ ದೂರು, ಕಂಪನಿಗೆ ಬರೆದ ಪತ್ರಗಳು, ರಾಯಭಾರ ಕಚೇರಿಯ ಉತ್ತರಗಳು ಎಲ್ಲವೂ ಇರಬೇಕು. ಘಟನೆ ಸಮುದ್ರದಲ್ಲಿ ನಡೆದದ್ದು, ನಮ್ಮ ವ್ಯಾಪ್ತಿ ಅಲ್ಲ ಎಂದು ಠಾಣೆಯಲ್ಲಿ ಹೇಳಿದರೆ ಅದನ್ನು ಲಿಖಿತವಾಗಿ ಕೇಳಿ, ದೂರನ್ನು ಎಸ್ಪಿಯವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.

ಇಲ್ಲಿ ಬಹಳ ಮನೆಗಳು ಎಡವುವ ಒಂದು ಜಾಗವಿದೆ. ಕಾನೂನು ಭಾವಿಸುವುದು ಸಾವನ್ನು ಮಾತ್ರ, ಸಾವಿನ ದಿನವನ್ನಲ್ಲ. ಜೀವ ವಿಮಾ ನಿಗಮ ಮತ್ತು ಅನುರಾಧಾ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಕಾಣೆಯಾದ ದಿನವೇ ಸತ್ತ ಎಂದು ಹೇಳುವವರು ಅದನ್ನು ಬೇರೆ ಸಾಕ್ಷ್ಯದಿಂದ ಸಾಬೀತು ಮಾಡಬೇಕು. ಅವನ ಜೀವ ವಿಮೆಯ ಪ್ರೀಮಿಯಂ ಕಟ್ಟುವುದನ್ನು ನಿಲ್ಲಿಸಿದ್ದರೆ ಪಾಲಿಸಿ ನಡುವೆಯೇ ಬಿದ್ದುಹೋಗುತ್ತದೆ, ಏಳು ವರ್ಷದ ನಂತರ ಪೂರ್ತಿ ಮೊತ್ತ ಕೈಗೆ ಬರುವುದಿಲ್ಲ. ಎಷ್ಟೇ ಕಷ್ಟವಾದರೂ ಪ್ರೀಮಿಯಂ ತಪ್ಪಿಸಬೇಡಿ.

ಏಳು ವರ್ಷ ಕಾಯಲೇಬೇಕೆಂದೂ ಇಲ್ಲ. ಹಡಗು ಮುಳುಗಿದ್ದಕ್ಕೆ, ಅವನು ಆ ಹಡಗಿನಲ್ಲಿ ಇದ್ದದ್ದಕ್ಕೆ, ಹುಡುಕಿಯೂ ಸಿಗದೆ ಹೋದದ್ದಕ್ಕೆ ಆಧಾರವಿದ್ದರೆ ಸನ್ನಿವೇಶದ ಸಾಕ್ಷ್ಯದಿಂದಲೇ ಸಿವಿಲ್ ನ್ಯಾಯಾಲಯದಲ್ಲಿ ಘೋಷಣೆ ಕೇಳಬಹುದು. ಅದಕ್ಕಾಗಿ ಕಂಪನಿಯಿಂದ ಕೇಳಿ ಪಡೆಯಬೇಕಾದದ್ದು ಹಡಗಿನ ಅಧಿಕೃತ ಲಾಗ್ ಪುಸ್ತಕ ಉಳಿದಿದ್ದರೆ ಅದರ ಆ ದಿನದ ಪುಟಗಳ ಪ್ರತಿ, ಸಿಬ್ಬಂದಿ ಪಟ್ಟಿ, ಶೋಧ ಕಾರ್ಯದ ದಾಖಲೆ. ಬಾವುಟದ ದೇಶ ತನಿಖೆ ನಡೆಸಿದ್ದರೆ ಆ ವರದಿಯನ್ನೂ ಕೇಳಿ. ಪನಾಮಾ, ಲೈಬೀರಿಯಾ ಎಂಬ ಹೆಸರು ನೋಡಿ ಕೈಚೆಲ್ಲಬೇಡಿ. 2006ರ ಕಡಲ ಕಾರ್ಮಿಕ ಒಪ್ಪಂದವನ್ನು ಭಾರತ 2015ರಲ್ಲಿ ಅಂಗೀಕರಿಸಿದೆ. ಸಾವಿಗೆ ಕರಾರಿನಲ್ಲಿ ಹೇಳಿದ ಪರಿಹಾರಕ್ಕೆ ವಿಮೆಯೋ ಬೇರೆ ಆರ್ಥಿಕ ಭದ್ರತೆಯೋ ಇರಬೇಕು, ಅದರ ಪ್ರಮಾಣಪತ್ರ ಹಡಗಿನಲ್ಲಿ ತೂಗುಹಾಕಿರಬೇಕು, ವಾರಸುದಾರರು ನೇರವಾಗಿ ವಿಮಾದಾರನನ್ನೇ ಕೇಳಬಹುದು ಎನ್ನುತ್ತದೆ ಅದು. ಕರಾರಿಗಿಂತ ಕಡಿಮೆ ಹಣಕ್ಕೆ ಒಪ್ಪುವಂತೆ ಒತ್ತಾಯಿಸುವಂತಿಲ್ಲ ಎಂಬ ಮಾತೂ ಅದರಲ್ಲಿದೆ. ದುಃಖದ ಮನೆಗೆ ಬಂದು "ಇಲ್ಲಿ ಸಹಿ ಹಾಕಿ, ಇಷ್ಟಕ್ಕೆ ಮುಗಿಯಿತು" ಎಂದು ಕಾಗದ ಚಾಚುವವರಿದ್ದಾರೆ. ಓದಿ ಹೇಳುವವರಿಲ್ಲದೆ ಸಹಿ ಹಾಕಬೇಡಿ.

ಸಂಬಳ ಬಾಕಿಯಿದ್ದರೆ ಹಡಗಿನ ಸಂಖ್ಯೆ ಮತ್ತೊಮ್ಮೆ ಕೆಲಸಕ್ಕೆ ಬರುತ್ತದೆ. ಅಡ್ಮಿರಾಲ್ಟಿ ಕಾಯ್ದೆ 2018ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನಮ್ಮ ಕರ್ನಾಟಕ ಹೈಕೋರ್ಟಿಗೂ ಹಡಗನ್ನೇ ತಡೆದು ನಿಲ್ಲಿಸುವ ಅಧಿಕಾರವಿದೆ. ಆ ಹಡಗು ಪಣಂಬೂರಿನ ನವಮಂಗಳೂರು ಬಂದರಿಗೆ ಬಂದು ನಿಂತ ದಿನ ನಿಮ್ಮ ವಕೀಲರ ಬಳಿ ಕಾಗದ ಸಿದ್ಧವಿರಬೇಕು. ಸಂಬಳದ ಬಾಕಿಗೆ ಹಡಗಿನ ಮೇಲಿನ ಹಕ್ಕಿನಲ್ಲಿ ಮೊದಲ ಸ್ಥಾನವಿದೆ. ಆದರೆ ಆ ಹಕ್ಕು ಸಂಬಳ ಬರಬೇಕಾಗಿದ್ದ ದಿನದಿಂದ ಎರಡು ವರ್ಷಕ್ಕೆ ಕಳೆದುಹೋಗುತ್ತದೆ. 1958ರ ವಾಣಿಜ್ಯ ನೌಕಾಯಾನ ಕಾಯ್ದೆಯ ಜಾಗಕ್ಕೆ ಸಂಸತ್ತು 2025ರಲ್ಲಿ ಹೊಸ ಕಾಯ್ದೆ ಅಂಗೀಕರಿಸಿದೆ. ಹಳೆಯ ಪುಸ್ತಕ ನೋಡಿ ಸೆಕ್ಷನ್ ಸಂಖ್ಯೆ ಬರೆಯುವ ಮುನ್ನ ವಕೀಲರಲ್ಲಿ ವಿಚಾರಿಸಿ.

ಹಳೆಯ ಹುಡುಕಾಟದ ಮಾತು ಬೇರೆ. ಅಜ್ಜ ಮುಂಬೈಯಲ್ಲಿ ಹಡಗು ಹತ್ತಿದವರು ಮರಳಲೇ ಇಲ್ಲ ಎನ್ನುವ ಮನೆಗಳು ಮಂಗಳೂರು, ಹೊನ್ನಾವರ, ಕಾರವಾರದ ಕಡೆ ಇನ್ನೂ ಸಿಗುತ್ತವೆ. ಅಂದಿನ ಬ್ರಿಟಿಷ್ ಹಡಗುಗಳಿಗೂ ಹೆಸರು ಬದಲಾದರೂ ಬದಲಾಗದ ಅಧಿಕೃತ ಸಂಖ್ಯೆಯೊಂದಿತ್ತು. ಅದು ಗೊತ್ತಾದರೆ ಸಿಬ್ಬಂದಿ ಪಟ್ಟಿ ಹುಡುಕಬಹುದು. 1863ರಿಂದ 1938ರವರೆಗಿನ ಪಟ್ಟಿಗಳಲ್ಲಿ ಸುಮಾರು ಶೇಕಡ 70ರಷ್ಟು ಕೆನಡಾದ ನ್ಯೂಫೌಂಡ್‌ಲೆಂಡ್‌ನ ಮೆಮೋರಿಯಲ್ ವಿಶ್ವವಿದ್ಯಾಲಯದಲ್ಲಿವೆ. 1915ರ ಪಟ್ಟಿಗಳನ್ನು ಅಂತರಜಾಲದಲ್ಲಿ ಉಚಿತವಾಗಿ ಹುಡುಕಬಹುದು. ಭಾರತೀಯ ಖಲಾಸಿಗಳ ಹೆಸರನ್ನು ಗುಮಾಸ್ತರು ಕಿವಿಗೆ ಕೇಳಿದಂತೆ ಬರೆದಿರುತ್ತಾರೆ, ಊರನ್ನು ಮಂಗಳೂರು ಎನ್ನದೆ ಸೌತ್ ಕೆನರಾ ಎಂದೋ ಬಾಂಬೆ ಎಂದೋ ಬರೆದಿರಬಹುದು. ಕೆನರಾ ಎಂಬುದನ್ನು ಇಂಗ್ಲಿಷಿನ ಸಿ ಅಕ್ಷರದಿಂದಲೂ ಕೆ ಅಕ್ಷರದಿಂದಲೂ ಹುಡುಕಿ. ಮಹಾಯುದ್ಧಗಳಲ್ಲಿ ಸಮಾಧಿಯಿಲ್ಲದೆ ಕಡಲು ಸೇರಿದವರ ಹೆಸರುಗಳು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಯಲ್ಲಿವೆ. ಎರಡನೆಯ ಯುದ್ಧದ 6,000ಕ್ಕೂ ಹೆಚ್ಚು ನಾವಿಕರ ಹೆಸರಿರುವ ಸ್ಮಾರಕ ಪುಸ್ತಕದ ಒಂದು ಪ್ರತಿ ಮುಂಬೈಯಲ್ಲಿ, ಇನ್ನೊಂದು ಚಟಗಾಂವ್‌ನಲ್ಲಿದೆ.

ಸ್ವಾತಂತ್ರ್ಯದ ನಂತರದ ಭಾರತೀಯ ಹಡಗುಗಳಾದರೆ ಮುಂಬೈ, ಕೋಲ್ಕತ್ತ, ಚೆನ್ನೈಗಳಲ್ಲಿರುವ ಶಿಪ್ಪಿಂಗ್ ಮಾಸ್ಟರ್ ಕಚೇರಿಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ವೈಯಕ್ತಿಕ ಮಾಹಿತಿ ಎಂದು 8(1)(ಜೆ) ತೋರಿಸಿ ತಿರಸ್ಕರಿಸಿದರೆ ಸೆಕ್ಷನ್ 8(3)ನ್ನು ನೆನಪಿಸಿ. 20 ವರ್ಷಕ್ಕಿಂತ ಹಿಂದಿನ ಘಟನೆಗಳಿಗೆ ಆ ವಿನಾಯಿತಿ ಅನ್ವಯಿಸುವುದಿಲ್ಲ. ತಿರಸ್ಕಾರದ ಪತ್ರ ಬಂದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬೇಕು.

ಜೊತೆಗೆ ದುಡಿದ ಗೆಳೆಯನನ್ನು ಹುಡುಕುವ ನಿವೃತ್ತ ನಾವಿಕರಿಗೆ ಒಂದು ವಿನಂತಿ. ನಿಮ್ಮ ಸಿಡಿಸಿಯ ಪುಟಗಳಲ್ಲಿ ಹಡಗು, ಹತ್ತಿದ ದಿನ, ಇಳಿದ ದಿನ ಇವೆ. ಅವಿಷ್ಟನ್ನು ಬರೆದು ಕಂಪನಿಗೋ ಸಂಘಟನೆಗೋ ಕಳಿಸಿ, ನಿಮ್ಮ ಪತ್ರವನ್ನು ಆ ಗೆಳೆಯನಿಗೆ ತಲುಪಿಸಿ ಎಂದು ಕೇಳಿಕೊಳ್ಳಿ. ವಿಳಾಸವನ್ನೇ ಕೊಡಿ ಎಂದು ಹಟ ಹಿಡಿಯಬೇಡಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ಪ್ರಕರಣದಲ್ಲಿ. ಅವನಿಗೆ ಮಾತಾಡುವ ಮನಸ್ಸಿದ್ದರೆ ಅವನೇ ಬರೆಯುತ್ತಾನೆ. ಅವನ ಪಾಸ್‌ಪೋರ್ಟ್, ಸಿಡಿಸಿ ಸಂಖ್ಯೆಗಳು ನಿಮ್ಮ ಬಳಿ ಇದ್ದರೂ ವಾಟ್ಸಾಪ್ ಗುಂಪುಗಳಲ್ಲಿ ಹಾಕಬೇಡಿ.

ಹಡಗಿಗೆ ಹೊರಡುವ ಮಗನಿದ್ದರೆ, ಗಂಡನಿದ್ದರೆ, ಬ್ಯಾಗು ಕಟ್ಟುವ ಮುಂಚೆ ಐಎಂಒ ಸಂಖ್ಯೆ, ಸಿಡಿಸಿ ಮತ್ತು ಇಂಡಾಸ್ ಸಂಖ್ಯೆ, ಏಜೆಂಟನ ಪರವಾನಗಿ ಸಂಖ್ಯೆಗಳನ್ನು ಅವನ ಕೈಯಿಂದಲೇ ಬರೆಸಿಕೊಳ್ಳಿ. ಸಹಿಯಾದ ಕರಾರಿನ ಒಂದು ಪ್ರತಿ ಮನೆಯ ಕಪಾಟಿನಲ್ಲಿರಲಿ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಮಂಗಳೂರು, ಉಡುಪಿ, ಕಾರವಾರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಅಲ್ಲಿ ಆದಾಯ ಎಷ್ಟೇ ಇರಲಿ, ನೆರವು ಉಚಿತ. ಸಹಾಯವಾಣಿ 15100.