ವಿಮೆಯ ಕಡತಗಳಲ್ಲಿ ಮರಣದ ಸುಳಿವು

ಒಂದು ಔಷಧವು ಹಿತವೋ ಅಹಿತವೋ ಎಂದು ತಿಳಿಯಬೇಕಾದರೆ ಅದನ್ನು ಸೇವಿಸಿದವರಲ್ಲಿ ಎಷ್ಟು ಮಂದಿ ಉಳಿದರು, ಎಷ್ಟು ಮಂದಿ ಅಳಿದರು ಎಂಬುದನ್ನು ಎಣಿಸಬೇಕು. ಕೇಳುವುದಕ್ಕೆ ಇದಕ್ಕಿಂತ ಸುಲಭವಾದ ಲೆಕ್ಕ ಮತ್ತೊಂದಿಲ್ಲ. ನೋವು ಕಡಮೆಯಾಯಿತೆ, ನಿದ್ರೆ ಬಂದಿತೆ ಎಂಬಂಥ ಪ್ರಶ್ನೆಗಳಲ್ಲಿ ವೈದ್ಯನಿಗೂ ರೋಗಿಗೂ ಭಿನ್ನಾಭಿಪ್ರಾಯ ಇರಬಹುದು. ಮರಣದ ವಿಷಯದಲ್ಲಿ ಅಂಥ ವಿವಾದಕ್ಕೆ ಎಡೆಯೇ ಇಲ್ಲ. ಹೀಗಿದ್ದರೂ, ದೊಡ್ಡ ಪ್ರಮಾಣದ ವೈದ್ಯಕೀಯ ಸಂಶೋಧನೆಯಲ್ಲಿ ಬಹಳ ತೊಡಕನ್ನುಂಟುಮಾಡಿರುವ ಪ್ರಶ್ನೆಗಳಲ್ಲಿ ಇದೂ ಒಂದು. ಸಂಖ್ಯಾಶಾಸ್ತ್ರವನ್ನು ಐಚ್ಛಿಕವಾಗಿ ಓದುತ್ತಿರುವ ನನಗೆ ಈ ವಿಷಯದಲ್ಲಿ ತಿಳಿದಷ್ಟನ್ನು ಸಹಪಾಠಿಗಳ ಮುಂದಿಡುತ್ತೇನೆ.

ಸಾವಿರ ರೋಗಿಗಳನ್ನು ಹತ್ತು ವರ್ಷ ಬೆನ್ನಟ್ಟಿ ನೋಡುವುದು ಕಷ್ಟದ, ವೆಚ್ಚದ ಕೆಲಸ. ಆದರೆ ಲಕ್ಷಾಂತರ ಜನರ ಚಿಕಿತ್ಸೆಯ ವಿವರಗಳು ಆಗಲೇ ಒಂದೆಡೆ ಬರೆದಿಟ್ಟುಕೊಂಡು ಕುಳಿತಿವೆ. ಅವೇ ಆರೋಗ್ಯ ವಿಮೆಯ ಕಡತಗಳು. ಅಮೆರಿಕದಲ್ಲಿ ೬೫ ವರ್ಷ ದಾಟಿದವರಿಗೆಂದು ೧೯೬೫ರ ಶಾಸನದ ಮೂಲಕ ಸ್ಥಾಪಿತವಾದ ಮೆಡಿಕೇರ್ ಯೋಜನೆ, ತೈವಾನಿನಲ್ಲಿ ೧೯೯೫ರಲ್ಲಿ ಆರಂಭವಾದ ರಾಷ್ಟ್ರೀಯ ಆರೋಗ್ಯ ವಿಮೆ, ಇವುಗಳ ದಾಖಲೆಗಳಿಂದ ಅಸಂಖ್ಯ ಸಂಶೋಧನ ಲೇಖನಗಳು ಹೊರಟಿವೆ. ಯಾರು, ಯಾವ ದಿನ, ಯಾವ ರೋಗಕ್ಕೆ, ಯಾವ ಔಷಧ ಪಡೆದರು ಎಂಬುದೆಲ್ಲ ಅಲ್ಲಿದೆ. ಏಕೆಂದರೆ ಪ್ರತಿಯೊಂದಕ್ಕೂ ಹಣ ಪಾವತಿಯಾಗಬೇಕು.

ತೊಡಕು ಹುಟ್ಟುವುದೂ ಅಲ್ಲಿಯೇ. ಸತ್ತವನು ಬಿಲ್ಲು ಕಳುಹಿಸುವುದಿಲ್ಲ. ಒಬ್ಬ ಸದಸ್ಯನ ಹೆಸರಿನಲ್ಲಿ ಮಾರ್ಚಿ ತಿಂಗಳವರೆಗೆ ಬಿಲ್ಲುಗಳು ಬಂದು ಆಮೇಲೆ ನಿಂತುಹೋದವು ಎನ್ನೋಣ. ಆತ ಗುಣಹೊಂದಿ ವೈದ್ಯರ ಗೊಡವೆಯೇ ಇಲ್ಲದೆ ಇದ್ದಿರಬಹುದು. ಕೆಲಸ ಬದಲಾಯಿಸಿ ಬೇರೊಂದು ಕಂಪನಿಯ ವಿಮೆಗೆ ಸೇರಿರಬಹುದು (ಅಮೆರಿಕದಲ್ಲಿ ಮಧ್ಯವಯಸ್ಕರ ವಿಮೆ ಬಹುಮಟ್ಟಿಗೆ ನೌಕರಿಯ ಜೊತೆಗೇ ಬರುತ್ತದೆ, ಜೊತೆಗೇ ಹೋಗುತ್ತದೆ). ಇಲ್ಲವೆ ಸತ್ತೇ ಹೋಗಿರಬಹುದು. ಕಡತದೊಳಗಿಂದ ನೋಡುವವನಿಗೆ ಮೂರೂ ಒಂದೇ ಮೌನ.

ಈ ಮೌನದ ನಡುವೆ ಸಂಶೋಧಕರು ಕೆಲವು ಗುರುತುಗಳನ್ನು ಹುಡುಕುತ್ತಾರೆ. ಅಮೆರಿಕದ ಆಸ್ಪತ್ರೆಗಳು ಕಳುಹಿಸುವ ಬಿಲ್ಲಿನಲ್ಲಿ ರೋಗಿಯು ಹೇಗೆ ಹೊರಟನೆಂಬುದಕ್ಕೆ ಒಂದು ಸಂಕೇತ ಸಂಖ್ಯೆ ಉಂಟು. ೨೦ ಎಂದಿದ್ದರೆ ಮೃತನೆಂದು ಅರ್ಥ. ಅಂತ್ಯಕಾಲದ ಶುಶ್ರೂಷೆಯಲ್ಲಿದ್ದು ತೀರಿಕೊಂಡವರಿಗೆ ೪೦, ೪೧, ೪೨ ಎಂಬ ಸಂಕೇತಗಳಿವೆ. ಸದಸ್ಯತ್ವ ಕೊನೆಗೊಂಡದ್ದೇಕೆ ಎಂಬ ಅಂಕಣದಲ್ಲಿ ಕೆಲವೊಮ್ಮೆ ಮರಣವೆಂದು ನಮೂದಾಗಿರುತ್ತದೆ. ಹೃದಯಸ್ತಂಭನ ಮೊದಲಾದ ರೋಗಸಂಕೇತ ಬಿದ್ದ ಮೇಲೆ ಯಾವ ಬಿಲ್ಲೂ ಬಾರದಿದ್ದರೆ ಅದೂ ಒಂದು ಸುಳಿವು. ಹೀಗೆ ಹಲವು ಗುರುತುಗಳನ್ನು ಕೂಡಿಸಿ ಒಂದು ಸೂತ್ರ ಕಟ್ಟಿ, ಅದನ್ನು ಸರ್ಕಾರದ ಮರಣ ನೋಂದಣಿಯೊಡನೆ ತಾಳೆ ನೋಡುತ್ತಾರೆ. ಆಗ ಎರಡು ಪ್ರಶ್ನೆ ಕೇಳಬೇಕು. ನಿಜವಾಗಿ ಸತ್ತ ನೂರು ಮಂದಿಯಲ್ಲಿ ಸೂತ್ರವು ಎಷ್ಟು ಮಂದಿಯನ್ನು ಹಿಡಿಯಿತು? ಸೂತ್ರವು ಸತ್ತರೆಂದ ನೂರು ಮಂದಿಯಲ್ಲಿ ನಿಜವಾಗಿ ಸತ್ತವರು ಎಷ್ಟು? ಮೊದಲನೆಯದಕ್ಕೆ ಒಳ್ಳೆಯ ಉತ್ತರ ಬಂದ ಮಾತ್ರಕ್ಕೆ ಎರಡನೆಯದಕ್ಕೂ ಬರಬೇಕೆಂದಿಲ್ಲ. ಸತ್ತನೆಂದು ಬರೆದ ಮನುಷ್ಯ ಎರಡು ತಿಂಗಳ ಮೇಲೆ ಹಲ್ಲು ಕೀಳಿಸಿಕೊಳ್ಳಲು ಹೋದ ಬಿಲ್ಲು ಸಿಕ್ಕಿದರೆ ನಮೂದೇ ತಪ್ಪೆಂದು ತಿಳಿಯಬೇಕು. ಆದರೆ ಔಷಧದ ಅಂಗಡಿಯಿಂದ ತಾನಾಗಿ ಮನೆಗೆ ಬರುವ ಮಾತ್ರೆಗಳ ಬಿಲ್ಲು ಸತ್ತ ಮೇಲೂ ಒಂದೆರಡು ಸಲ ಬರಬಹುದು. ಅದು ಜೀವದ ಗುರುತಲ್ಲ.

ಆಸ್ಪತ್ರೆಯೊಳಗಿನ ಮರಣವನ್ನು ಹಿಡಿಯುವುದು ಸುಲಭ, ಹೊರಗಿನದನ್ನು ಹಿಡಿಯುವುದು ಕಷ್ಟ. ಇದರಿಂದ ಆಗುವ ಅನರ್ಥವನ್ನು ಕಲ್ಪಿತ ಲೆಕ್ಕವೊಂದರಿಂದ ತೋರಿಸುತ್ತೇನೆ. ಎರಡು ಔಷಧಗಳನ್ನು ತಲಾ ಸಾವಿರ ಮಂದಿಗೆ ಕೊಟ್ಟರು. ಎರಡರಲ್ಲೂ ವರ್ಷದೊಳಗೆ ೪೦ ಮಂದಿ ಸತ್ತರು. ಮೊದಲನೆಯದನ್ನು ಸೇವಿಸಿದವರು ನಿಧಾನವಾಗಿ ಕ್ಷೀಣಿಸಿ, ೩೦ ಮಂದಿ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟರು. ಎರಡನೆಯದರಲ್ಲಿ ಹೃದಯ ಹಠಾತ್ತಾಗಿ ನಿಂತು, ಆಸ್ಪತ್ರೆ ಮುಟ್ಟಿ ಸತ್ತವರು ೧೦ ಮಂದಿ ಮಾತ್ರ. ಬಿಲ್ಲನ್ನೇ ನಂಬಿದ ಸಂಶೋಧಕನಿಗೆ ಎರಡನೆಯ ಔಷಧದಲ್ಲಿ ಸಾವು ಮೂರನೆಯ ಒಂದು ಪಾಲೆಂದು ಕಾಣುತ್ತದೆ! ಎರಡು ಗುಂಪುಗಳಲ್ಲೂ ಒಂದೇ ಪ್ರಮಾಣದಲ್ಲಿ ಸಾವುಗಳು ಕೈತಪ್ಪಿದ್ದರೆ ಹೋಲಿಕೆ ಅಷ್ಟೇನೂ ಕೆಡುತ್ತಿರಲಿಲ್ಲ. ಔಷಧದ ಗುಣಕ್ಕೂ ಸಾಯುವ ಸ್ಥಳಕ್ಕೂ ಗಂಟು ಬಿದ್ದಾಗಲೇ ಅಪಾಯ.

ಇದು ಬರಿಯ ಪಠ್ಯಪುಸ್ತಕದ ಭಯವಲ್ಲ. ರೋಫೆಕಾಕ್ಸಿಬ್ ಎಂಬ ಕೀಲುನೋವಿನ ಔಷಧವನ್ನು ಹೃದಯಾಘಾತದ ಭೀತಿಯಿಂದ ೨೦೦೪ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಅದನ್ನು ಕುರಿತು ಕ್ಯಾಲಿಫೋರ್ನಿಯದ ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ವಿಮಾ ಸಂಸ್ಥೆಯ ಸುಮಾರು ೧೪ ಲಕ್ಷ ಸದಸ್ಯರ ದಾಖಲೆಗಳಿಂದ ನಡೆಸಿದ ಅಧ್ಯಯನವು ೨೦೦೫ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ತೀವ್ರ ಹೃದ್ರೋಗದ ೮,೧೪೩ ಪ್ರಸಂಗಗಳಲ್ಲಿ ೨,೨೧೦ ಮಾರಕವಾಗಿದ್ದವು. ಈ ಅಧ್ಯಯನದವರು ಆಸ್ಪತ್ರೆಯ ದಾಖಲೆಗೆ ತೃಪ್ತರಾಗದೆ ಆ ರಾಜ್ಯದ ಮರಣಪತ್ರಗಳೊಡನೆ ಸದಸ್ಯರ ಪಟ್ಟಿಯನ್ನು ಜೋಡಿಸಿ, ಹೊರಗೆ ಹಠಾತ್ತಾಗಿ ಸತ್ತವರನ್ನೂ ಎಣಿಕೆಗೆ ತಂದಿದ್ದರು. ಹಾಗೆ ಮಾಡದಿದ್ದರೆ, ಯಾವ ಸಾವನ್ನು ಹುಡುಕಲು ಹೊರಟಿದ್ದರೋ ಅದರಲ್ಲೇ ಒಂದು ಭಾಗ ಕಣ್ಣಿಗೆ ಬೀಳುತ್ತಿರಲಿಲ್ಲ.

ತೈವಾನಿನ ಪ್ರಸಂಗ ನಮಗೆ ಇನ್ನೂ ಹತ್ತಿರದ್ದು. ಕೊನೆಯುಸಿರು ಸ್ವಂತ ಮನೆಯಲ್ಲೇ ಹೋಗಬೇಕೆಂಬ ಭಾವನೆ ಅಲ್ಲಿಯವರಲ್ಲಿ ಬಲವಾಗಿದೆ. ಆದುದರಿಂದ ಉಳಿಯುವ ಆಸೆ ಇಲ್ಲದ ರೋಗಿಯನ್ನು ಬಂಧುಗಳು ಆಸ್ಪತ್ರೆಯಿಂದ ಬಿಡಿಸಿಕೊಂಡು ಹೋಗುತ್ತಾರೆ. ದಾಖಲೆಯಲ್ಲಿ ಅದು ಮರಣವೆಂದು ಬೀಳದೆ, ವಿಷಮ ಸ್ಥಿತಿಯಲ್ಲಿ ಸ್ವಇಚ್ಛೆಯಿಂದ ಬಿಡುಗಡೆ ಎಂದು ಬೀಳುತ್ತದೆ. ಅಲ್ಲಿಯ ಸಂಶೋಧಕರು ಈ ನಮೂದನ್ನೂ, ಅದರ ಬೆನ್ನಿಗೇ ವಿಮೆಯ ಸದಸ್ಯತ್ವ ರದ್ದಾದುದನ್ನೂ ಕೂಡಿಸಿ ಮರಣವೆಂದು ಎಣಿಸುವ ಪದ್ಧತಿ ಇಟ್ಟುಕೊಂಡರು. ಹೆಚ್ಚುಕಡಮೆ ಇಡೀ ದೇಶಕ್ಕೆ ವಿಮೆ ಒಂದೇ ಆಗಿರುವುದರಿಂದ ಬೇರೆ ಕಂಪನಿಗೆ ಹೋದನೆಂಬ ಸಂದೇಹ ಅಲ್ಲಿಲ್ಲ. ನಮ್ಮ ತಾಯಿಯ ತಂದೆಯವರನ್ನು ಜಿಲ್ಲೆಯ ಊರಿನ ಆಸ್ಪತ್ರೆಯೊಂದರಿಂದ ಹಳ್ಳಿಗೆ ಕರೆತಂದಾಗಲೂ ಚೀಟಿಯಲ್ಲಿದ್ದುದು ‘ಸಂಬಂಧಿಕರ ಕೋರಿಕೆಯ ಮೇರೆಗೆ ಬಿಡುಗಡೆ’ ಎಂದೇ. ತಾತ ಆ ರಾತ್ರಿಯೇ ನಡುಮನೆಯಲ್ಲಿ ತೀರಿಕೊಂಡರು. ಆಸ್ಪತ್ರೆಯ ದಫ್ತರದ ಮಟ್ಟಿಗೆ ಅವರು ಜೀವಸಹಿತ ಹೊರಟ ರೋಗಿ. ಮನೆಗೆ ತಂದುದು ಸರಿಯೆಂದೇ ನನ್ನ ಅಭಿಪ್ರಾಯ. ಲೆಕ್ಕಕ್ಕಾಗಿ ಯಾರೂ ಆಸ್ಪತ್ರೆಯಲ್ಲಿ ಸಾಯಬೇಕಾಗಿಲ್ಲ. ಲೆಕ್ಕವೇ ಮನೆಯವರೆಗೆ ಬರಬೇಕು.

ಹಾಗೆ ಬರಲು ಇರುವ ನೇರವಾದ ದಾರಿಯೆಂದರೆ ವಿಮೆಯ ಕಡತವನ್ನು ಮರಣ ನೋಂದಣಿಯೊಡನೆ ಜೋಡಿಸುವುದು. ಅಮೆರಿಕದಲ್ಲಿ ೧೯೭೯ರಿಂದೀಚಿನ ಮರಣಗಳ ರಾಷ್ಟ್ರೀಯ ಸೂಚಿಯೊಂದಿದೆ. ಅರ್ಜಿ ಹಾಕಿ ಶುಲ್ಕ ತೆತ್ತ ಸಂಶೋಧಕರಿಗೆ ಅದರಿಂದ ಸಾವಿನ ಕಾರಣವೂ ದೊರೆಯುತ್ತದೆ. ಮೆಡಿಕೇರಿಗೆ ಸಾಮಾಜಿಕ ಭದ್ರತಾ ಇಲಾಖೆಯಿಂದ ಮರಣದ ಸುದ್ದಿ ಬರುವುದರಿಂದ ಸತ್ತ ಸಂಗತಿ ಅಲ್ಲಿ ಚೆನ್ನಾಗಿಯೇ ದಾಖಲಾಗುತ್ತದೆ; ಏತರಿಂದ ಸತ್ತರೆಂಬುದು ಮಾತ್ರ ಇರುವುದಿಲ್ಲ. ಅದೇ ಇಲಾಖೆಯು ಎಲ್ಲರಿಗೂ ದೊರೆಯುವಂತೆ ಮರಣಪಟ್ಟಿಯೊಂದನ್ನು ಹೊರಡಿಸುತ್ತಿತ್ತು. ರಾಜ್ಯಗಳು ಕೊಟ್ಟ ಮಾಹಿತಿಯನ್ನು ಬಹಿರಂಗಪಡಿಸಲು ಶಾಸನ ಒಪ್ಪದೆಂದು ೨೦೧೧ರ ನವೆಂಬರಿನಲ್ಲಿ ಅದರಿಂದ ಸುಮಾರು ೪೨ ಲಕ್ಷ ಹೆಸರುಗಳನ್ನು ತೆಗೆದುಹಾಕಿದರು. ಆ ಪಟ್ಟಿಯನ್ನೇ ನಂಬಿದವರ ಲೆಕ್ಕದಲ್ಲಿ ಅಷ್ಟು ಮಂದಿ ಮೃತರಿಗೆ ಒಂದೇ ದಿನದಲ್ಲಿ ಪುನರ್ಜನ್ಮ ಬಂದಂತಾಯಿತು. ಸತ್ತವರ ಗುಟ್ಟನ್ನು ಕಾಯಬೇಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೆಸರನ್ನು ಮರೆಮಾಡಿ ತಾರೀಖನ್ನು ಮಾತ್ರ ಸಂಶೋಧಕರಿಗೆ ಕೊಡುವ ಉಪಾಯಗಳು ಇರುವಾಗ, ಬಾಗಿಲನ್ನೇ ಮುಚ್ಚುವುದು ಹೆಚ್ಚಾಯಿತೆನಿಸುತ್ತದೆ.

ನಮ್ಮಲ್ಲಿ ೧೯೬೯ರ ಶಾಸನದಂತೆ ಪ್ರತಿಯೊಂದು ಮರಣವನ್ನೂ ನೋಂದಾಯಿಸಬೇಕು. ಆದರೆ ೨೦೨೦ರಲ್ಲಿ ಇಡೀ ಭಾರತದಲ್ಲಿ ನೋಂದಣಿಯಾದ ಮರಣಗಳ ಪೈಕಿ ವೈದ್ಯರು ಕಾರಣ ಬರೆದುಕೊಟ್ಟದ್ದು ಶೇಕಡ ೨೨.೫ಕ್ಕೆ ಮಾತ್ರ. ಕರ್ನಾಟಕದಲ್ಲಿ ಬಡತನದ ರೇಖೆಗಿಂತ ಕೆಳಗಿನವರಿಗೆಂದು ೨೦೧೦ರಲ್ಲಿ ಆರಂಭಿಸಿದ ವಾಜಪೇಯಿ ಆರೋಗ್ಯಶ್ರೀ ವಿಮೆಯಿಂದ ಸಾವು ಕಡಮೆಯಾಯಿತೆ ಎಂದು ಪರೀಕ್ಷಿಸಿದವರು ಈ ಕಾರಣದಿಂದ ಕಷ್ಟದ ದಾರಿಯನ್ನೇ ಹಿಡಿಯಬೇಕಾಯಿತು. ಯೋಜನೆ ಬಾರದ ಹಳ್ಳಿಗಳವರ ಹೆಸರು ವಿಮೆಯ ಕಡತದಲ್ಲಿ ಇರುವುದೆಂತು? ಯೋಜನೆ ಬಂದ ೩೦೦ ಹಳ್ಳಿಗಳಲ್ಲಿಯೂ, ನೆರೆಯ, ಬಾರದ ೨೭೨ ಹಳ್ಳಿಗಳಲ್ಲಿಯೂ ಮನೆಮನೆಗೆ ಹೋಗಿ, ಒಟ್ಟು ೬೦,೦೦೦ಕ್ಕೂ ಮಿಕ್ಕ ಕುಟುಂಬಗಳಲ್ಲಿ ಯಾರು ತೀರಿಕೊಂಡರು, ಯಾವ ರೋಗದಿಂದ ಎಂದು ಕೇಳಿದರು. ವಿಮೆಯ ಚಿಕಿತ್ಸೆಯಿಂದ ತಪ್ಪಿಸಬಹುದಾದ ರೋಗಗಳಿಂದ, ಅಂದರೆ ಬಹುಮಟ್ಟಿಗೆ ಹೃದ್ರೋಗ ಮತ್ತು ಕ್ಯಾನ್ಸರುಗಳಿಂದ, ಆದ ಸಾವು ಬಡ ಕುಟುಂಬಗಳಲ್ಲಿ ಯೋಜನೆ ಇಲ್ಲದ ಕಡೆ ಶೇಕಡ ೦.೯೦, ಇದ್ದ ಕಡೆ ೦.೩೨ ಎಂದು ೨೦೧೪ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟಿಸಿದರು.