ಜೀಪಿನ ಸ್ಟೇರಿಂಗ್ ಸಡಿಲಾದರೆ

ಖಾಸಬಾಗದ ಅಕ್ಕತಂಗಿಯರಿಗೆ ಮಗ್ಗದ ಮಾತು ಹೊಸದಲ್ಲ. ಮಗ್ಗದ ಸಪ್ಪಳ ಸ್ವಲ್ಪ ಬದಲಾದರೆ ಸಾಕು, ಒಳಗೆ ರೊಟ್ಟಿ ಬಡಿಯುವವರಿಗೂ ಗೊತ್ತಾಗುತ್ತದೆ. ಎಲ್ಲೋ ನಟ್ಟು ಸಡಿಲಾಗಿದೆ ಅಂತ ಎದ್ದು ಹೋಗುತ್ತೇವೆ. ಮನೆಯ ಗಾಡಿಯ ಮಾತು ಬಂದರೆ ಮಾತ್ರ "ಅದು ಗಂಡಸರ ಕೆಲಸ" ಅಂತ ಸುಮ್ಮನಾಗುತ್ತೇವೆ. ಆದರೆ ಆ ಗಾಡಿಯಲ್ಲಿ ಕೂಡುವವರು ನಾವು, ನಮ್ಮ ಮಕ್ಕಳು.

ಈ ಪಾಠ ಹಳೆಯ ಜೀಪಿನದು. ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಅಮೆರಿಕದ ವಿಲ್ಲಿಸ್ ಕಂಪನಿ ಸೈನ್ಯಕ್ಕಾಗಿ ಈ ಗಾಡಿ ಮಾಡತೊಡಗಿತು. 1947ರಿಂದ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ಅದನ್ನು ಜೋಡಿಸತೊಡಗಿತು. ಖಾನಾಪುರ ತಾಲೂಕಿನ ಮಳೆ, ಕೆಸರು, ಕಾಡುದಾರಿಗೆ ಜೀಪಿನಂಥ ಗಾಡಿ ಬೇಕು. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನ ತಿರುವಿಗೆ ಬಂದಾಗ ಸ್ಟೇರಿಂಗ್ ಕೈಯ ಮಾತು ಕೇಳಲೇಬೇಕು.

"ಏನ್ರೀ, ಗಾಡಿ ಯಾಕ ಹಿಂಗ ಆ ಕಡೆ ಈ ಕಡೆ ಓಲಾಡತೈತಿ?"

"ಹಳೇ ಗಾಡಿ. ಹಂಗ ಇರತೈತಿ ಬಿಡು."

ಈ ಉತ್ತರ ಒಪ್ಪಬೇಡಿರಿ. ಹಳೆಯ ಗಾಡಿಯಾದರೂ ಓಲಾಡುವುದಕ್ಕೆ ಒಂದು ಕಾರಣ ಇರುತ್ತದೆ. ಕಾರಣ ಹುಡುಕಿದರೆ ಸಿಗುತ್ತದೆ.

ಮೊದಲು ಒಳಗೆ ಏನಿದೆ ತಿಳಿಯೋಣ. ಸ್ಟೇರಿಂಗ್ ಚಕ್ರದ ಕೆಳಗೆ ಉದ್ದನೆಯ ಒಂದು ರಾಡು ಇದೆ. ಅದರ ತುದಿ ಒಂದು ಕಬ್ಬಿಣದ ಡಬ್ಬಿಯೊಳಗೆ ಹೋಗುತ್ತದೆ. ಇದೇ ಸ್ಟೇರಿಂಗ್ ಬಾಕ್ಸ್. ಡಬ್ಬಿಯೊಳಗೆ ರಾಡಿನ ತುದಿಗೆ ಒಂದು ದಪ್ಪ ತಿರುಪು ಇದೆ. ಅದಕ್ಕೆ ವರ್ಮ್ ಅನ್ನುತ್ತಾರೆ. ಶಾವಿಗೆ ಮಣೆಯ ತಿರುಪಿನ ಹಾಗೆ ಅದರ ಮೈಮೇಲೆ ಸುರುಳಿ ತೋಡು ಇದೆ. ಆ ತೋಡಿನಲ್ಲಿ ಎರಡು ಗಟ್ಟಿ ಪಿನ್ನು ಕೂತಿರುತ್ತವೆ. ಚಕ್ರ ತಿರುಗಿಸಿದರೆ ತೋಡು ತಿರುಗುತ್ತದೆ, ಪಿನ್ನು ಸರಿಯುತ್ತದೆ. ಪಿನ್ನಿಗೆ ಅಂಟಿದ ಶಾಫ್ಟು ಹೊರಗಿನ ತೋಳನ್ನು ಅಲುಗಿಸುತ್ತದೆ. ಆ ತೋಳಿನ ಹೆಸರು ಪಿಟ್‌ಮನ್ ಆರ್ಮ್. ತೋಳಿನಿಂದ ರಾಡುಗಳು, ರಾಡಿನಿಂದ ಮುಂದಿನ ಟೈರು. (ಮುಂದೆ ಬಂದ ಮಾದರಿಗಳಲ್ಲಿ ಗುಂಡು ಹಾಕಿದ ಬೇರೆ ಬಾಕ್ಸ್ ಇದೆ. ಅಂಬಾಸಡರ್ ಕಾರಿನಲ್ಲಿ ಇಂಥ ಬಾಕ್ಸೇ ಇಲ್ಲ.)

ವರುಷಗಟ್ಟಲೆ ಓಡಿದ ಮೇಲೆ ತೋಡು ಸವೆಯುತ್ತದೆ, ಪಿನ್ನೂ ಸವೆಯುತ್ತದೆ. ಆಗ ಚಕ್ರ ತಿರುಗಿದರೂ ಟೈರು ಕೂಡಲೇ ತಿರುಗುವುದಿಲ್ಲ. ನಡುವೆ ಖಾಲಿ ಆಟ ಇರುತ್ತದೆ. ಮಿಸ್ತ್ರಿಗಳು ಇದಕ್ಕೆ 'ಪ್ಲೇ' ಅನ್ನುತ್ತಾರೆ.

ಪ್ಲೇ ಎಷ್ಟಿದೆ ಎಂದು ನಾವೇ ಅಳೆಯಬಹುದು. ಗಾಡಿ ಸಪಾಟು ನೆಲದ ಮೇಲಿರಲಿ. ಎಂಜಿನ್ ಬಂದ್ ಇರಲಿ. ಕೈಬ್ರೇಕ್ ಎಳೆಯಿರಿ. ಟೈರಿನ ಹಿಂದೆ ಮುಂದೆ ಕಲ್ಲು ಇಡಿರಿ. ಮುಂದಿನ ಟೈರು ನೆಟ್ಟಗಿರಲಿ. ಸ್ಟೇರಿಂಗ್ ಚಕ್ರದ ಅಂಚಿಗೆ ಬಣ್ಣದ ನೂಲು ಕಟ್ಟಿರಿ. ನೂಲು ನಮ್ಮ ಮನೆಯಲ್ಲಿ ಬೇಕಾದಷ್ಟಿದೆ! ಈಗ ಚಕ್ರವನ್ನು ಮೆಲ್ಲಗೆ ಎಡಕ್ಕೆ, ಮತ್ತೆ ಬಲಕ್ಕೆ ತಿರುಗಿಸಿರಿ. ಟೈರು ಅಲುಗಾಡುವ ತನಕ ನೂಲು ಎಷ್ಟು ದೂರ ಹೋಯಿತು? ಟೇಪಿನಿಂದ ಅಳೆಯಿರಿ. ಒಂದು ಇಂಚು ಇದ್ದರೆ ಹಳೆಯ ಜೀಪಿಗೆ ಸರಿ. ಎರಡು ಇಂಚು ದಾಟಿದರೆ ರಿಪೇರಿ ಬೇಕೇ ಬೇಕು.

ಇಷ್ಟಕ್ಕೇ "ಬಾಕ್ಸ್ ಕೆಟ್ಟೈತಿ" ಅನ್ನಬಾರದು. ಸುಮ್ಮನೆ ಹಣ ಹೋಗುವುದು ಇಲ್ಲಿಯೇ. ಪ್ಲೇ ಎಲ್ಲಿದೆ ನೋಡುವುದಕ್ಕೆ ಇಬ್ಬರು ಬೇಕು. ಒಬ್ಬರು ಕುಳಿತು ಚಕ್ರವನ್ನು ಆಚೆ ಈಚೆ ಸ್ವಲ್ಪ ಸ್ವಲ್ಪ ಆಡಿಸಲಿ. ಇನ್ನೊಬ್ಬರು ಗಾಡಿಯ ಪಕ್ಕ ಬಗ್ಗಿ ನೋಡಲಿ. ಗಾಡಿಯನ್ನು ಜ್ಯಾಕಿನ ಮೇಲೆ ಎತ್ತಿದ್ದಾಗ ಅದರ ಕೆಳಗೆ ಯಾರೂ ನುಗ್ಗಬಾರದು.

ಬಾಕ್ಸೇ ಅಲುಗಾಡುತ್ತಿದ್ದರೆ ಚಾಸಿಸ್‌ಗೆ ಹಾಕಿದ ಬೋಲ್ಟ್ ಸಡಿಲು. ಪಾನಾ ಹಾಕಿ ಬಿಗಿದರೆ ಮುಗಿಯಿತು. ಬಾಕ್ಸ್ ಗಟ್ಟಿ ಇದೆ, ಪಿಟ್‌ಮನ್ ಆರ್ಮೂ ಸರಿಯಾಗಿ ಆಡುತ್ತದೆ, ಟೈರು ಮಾತ್ರ ಸುಮ್ಮನೆ ನಿಂತಿದೆ, ಆಗ ರಾಡಿನ ತುದಿಯ ಬಾಲ್ ಜಾಯಿಂಟ್ ಸವೆದಿದೆ. ಬಾಕ್ಸ್ ಮುಟ್ಟುವ ಕೆಲಸವೇ ಇಲ್ಲ. ಚಕ್ರ ತಿರುಗುತ್ತದೆ, ಆರ್ಮ್ ಅಲುಗಾಡುವುದೇ ಇಲ್ಲ, ಆಗ ಮಾತ್ರ ದೋಷ ಬಾಕ್ಸಿನೊಳಗೆ.

ಗಾಡಿ ಒಂದೇ ಕಡೆ ಎಳೆಯುತ್ತಿದ್ದರೆ? ಅದು ಬೇರೆ ರೋಗ. ಮೊದಲು ಟೈರಿನ ಗಾಳಿ ನೋಡಿರಿ, ಆಮೇಲೆ ಬ್ರೇಕು.

ಬಾಕ್ಸಿನ ಬಗಲಿನ ಮುಚ್ಚಳದಲ್ಲಿ ಒಂದು ಸ್ಕ್ರೂ ಇದೆ. ಅದರ ಮೇಲೆ ಚೆಕ್‌ನಟ್ ಇದೆ. ಸ್ಕ್ರೂ ಬಿಗಿದರೆ ಪಿನ್ನು ತೋಡಿನೊಳಗೆ ಇನ್ನಷ್ಟು ಇಳಿಯುತ್ತದೆ, ಪ್ಲೇ ಕಡಿಮೆಯಾಗುತ್ತದೆ. ಎಷ್ಟು ಸುಲಭ! ಆದರೆ ಅಪಾಯ ಇರುವುದೂ ಈ ಸ್ಕ್ರೂದಲ್ಲಿಯೇ.

ಈ ತೋಡನ್ನು ನಡುವೆ ಬಿಗಿಯಾಗಿಯೂ ಎರಡೂ ತುದಿಗೆ ಸ್ವಲ್ಪ ಸಡಿಲಾಗಿಯೂ ಬೇಕೆಂದೇ ಮಾಡಿದ್ದಾರೆ. ನೆಟ್ಟಗೆ ಓಡುವಾಗ ಗಾಡಿ ಓಲಾಡಬಾರದಲ್ಲ? ಅದಕ್ಕೆ. ಟೈರು ಪೂರಾ ಒಂದು ಕಡೆ ತಿರುಗಿದ್ದಾಗ ಸ್ಕ್ರೂ ಬಿಗಿದರೆ ಅಲ್ಲಿ ಸರಿ ಅನಿಸುತ್ತದೆ. ಚಕ್ರ ನಡುವಿಗೆ ಬಂದಾಗ ಪಿನ್ನು ಹಿಡಿದುಕೊಳ್ಳುತ್ತದೆ. ತಿರುವು ಮುಗಿದರೂ ಚಕ್ರ ತಾನಾಗಿ ನೆಟ್ಟಗೆ ಬರುವುದಿಲ್ಲ. ಘಾಟಿನಲ್ಲಿ ಹೀಗಾದರೆ ಏನು ಗತಿ? ಹಾಸಿನ ನೂಲು ಬಾಳ ಬಿಗಿದರೆ ಹರಿಯುತ್ತದೆ. ಇಲ್ಲಿಯೂ ಹಂಗ.

ಆದ್ದರಿಂದ ಮಿಸ್ತ್ರಿ ಮೊದಲು ಪಿಟ್‌ಮನ್ ಆರ್ಮಿನಿಂದ ರಾಡು ಬಿಚ್ಚಬೇಕು. ಸ್ಟೇರಿಂಗ್ ಚಕ್ರ ಹಿಡಿದು ಮೇಲಕ್ಕೆ ಕೆಳಕ್ಕೆ ಎಳೆದು ನೋಡಬೇಕು. ಹಾಗೆ ಅಲುಗಾಡಿದರೆ ವರ್ಮಿನ ಬೇರಿಂಗ್ ಸಡಿಲು. ಮೇಲಿನ ಮುಚ್ಚಳದ ಕೆಳಗಿನ ತೆಳ್ಳನೆಯ ಶಿಮ್ ಒಂದೊಂದೇ ತೆಗೆದು ಅದನ್ನು ಮೊದಲು ಸರಿ ಮಾಡಬೇಕು. ಆಮೇಲೆ ಚಕ್ರವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸುತ್ತಿ ಎಷ್ಟು ಸುತ್ತು ಎಂದು ಎಣಿಸಬೇಕು. ಅದರ ಅರ್ಧಕ್ಕೆ ಬಂದರೆ ಅದೇ ನಡು. ಅಲ್ಲಿ ಚೆಕ್‌ನಟ್ ಸಡಿಲಿಸಿ ಸ್ಕ್ರೂ ಒಂಚೂರು ಒಳಗೆ. ಮತ್ತೆ ಚಕ್ರ ತಿರುಗಿಸಿ ನೋಡುವುದು. ಮತ್ತೆ ಒಂಚೂರು. ನಡು ದಾಟುವಾಗ ಕೈಗೆ ತುಸುವೇ ಬಿಗಿ ತಿಳಿದರೆ ಸಾಕು, ಅಲ್ಲಿಗೆ ನಿಲ್ಲಿಸಬೇಕು. ಸ್ಕ್ರೂ ತಿರುಗದಂತೆ ಹಿಡಿದು ಚೆಕ್‌ನಟ್ ಬಿಗಿಯಬೇಕು. ರಾಡು ಮತ್ತೆ ಜೋಡಿಸಿದ ಮೇಲೆ ಹೊಸ ಸ್ಪ್ಲಿಟ್ ಪಿನ್ನು ಹಾಕಲೇಬೇಕು. ಚಿಲ್ಲರೆ ಬೆಲೆಯ ಪಿನ್ನು ಅದು. ಅದು ಬಿದ್ದರೆ ನಟ್ಟು ಬಿಚ್ಚಿ ರಾಡೇ ಕಳಚೀತು.

ಇಷ್ಟು ಮಾಡಿದರೂ ಪ್ಲೇ ಹೋಗದಿದ್ದರೆ ಬಾಕ್ಸ್ ಬಿಚ್ಚಿ ನೋಡಬೇಕು. ಪಿನ್ನು ಚಪ್ಪಟೆಯಾಗಿದ್ದರೆ, ತೋಡಿನಲ್ಲಿ ಗುಳಿ ಬಿದ್ದಿದ್ದರೆ ಹೊಸದು ಹಾಕಬೇಕು. ಶಾಫ್ಟಿನ ಬುಶ್ ಅಷ್ಟೇ ಸವೆದಿದ್ದರೆ ಉದ್ಯಮಬಾಗದ ಲೇತ್ ಕೆಲಸದವರು ಕಡೆದು ಕೊಡಬಲ್ಲರು. ಮುರಿದ ಸ್ಟೇರಿಂಗ್ ಸಾಮಾನಿಗೆ ವೆಲ್ಡಿಂಗ್ ಹಾಕಿಸಿ ನಡೆಸುವುದು ಮಾತ್ರ ಬೇಡವೇ ಬೇಡ.

ಇನ್ನೊಂದು ಮಾತು. ಬಾಕ್ಸಿನೊಳಗೆ ಗೇರ್ ಆಯಿಲ್ ಇರಬೇಕು. ಡಬ್ಬಿಯ ಕೆಳಗೆ ನೆಲದ ಮೇಲೆ ಕರಿ ಕಲೆ ಬಿದ್ದಿದ್ದರೆ ಎಣ್ಣೆ ಸೋರುತ್ತಿದೆ. ಅಂಗಳ ಗುಡಿಸುವ ನಮ್ಮ ಕಣ್ಣಿಗೇ ಅದು ಮೊದಲು ಬೀಳುವುದು.

ಮುಂದಿನ ಸಲ ಗ್ಯಾರೇಜಿಗೆ ಹೋದಾಗ "ಬಾಕ್ಸ್ ಬದಲಿ ಮಾಡಬೇಕು" ಅಂದರೆ ಹೀಗೆ ಕೇಳಿರಿ: "ಅಣ್ಣಾ, ಚಕ್ರ ತಿರುವಿದಾಗ ಪಿಟ್‌ಮನ್ ಆರ್ಮ್ ಅಲುಗಾಡತೈತೇನು? ತೋರಿಸ್ರಿ ನೋಡೂನು."

ಅಭ್ಯಾಸ
ನಿಮ್ಮ ಮನೆಯ ಇಲ್ಲವೇ ನೆರೆಮನೆಯ ಜೀಪಿನ ಪ್ಲೇ ಅಳೆಯಿರಿ. ನೋಟುಬುಕ್ಕಿನಲ್ಲಿ ಬರೆಯಿರಿ:
ಅಳೆದ ತಾರೀಖು ........
ಪ್ಲೇ ........ ಇಂಚು
ಎಣ್ಣೆ ಹಾಕಿದ ತಾರೀಖು ........