ಚಿಮ್ಮಂಡೆಗಳ ಬಿಲವೂ ಅವುಗಳ ಬಾಳುವೆಯೂ

ಮುಂಗಾರಿ ಬಿತ್ತಿಗೆಯ ಬಳಿಕ ಮೊಳೆತು ಮೇಲೆದ್ದ ಸಸಿಗಳು ಒಂದೆರಡು ರಾತ್ರಿಗಳಲ್ಲಿಯೇ ನೆಲಮಟ್ಟಕ್ಕೆ ಕತ್ತರಿಸಲ್ಪಟ್ಟು, ಸಾಲಿನಲ್ಲಿ ಅಲ್ಲಲ್ಲಿ ಬರಿದಾದ ತಾವುಗಳು ಕಾಣುವುದುಂಟು. ಅನೇಕ ಒಕ್ಕಲಿಗರು ಇದನ್ನು ಬೀಜದ ದೋಷವೆಂದೋ ಹಕ್ಕಿಗಳ ಕಾಟವೆಂದೋ ಎಣಿಸಿ ಮರುಬಿತ್ತಿಗೆಗೆ ತೊಡಗುತ್ತಾರೆ. ವರ್ಷಕ್ಕೆ ಸರಾಸರಿ 550ರಿಂದ 600 ಮಿಲಿಮೀಟರಿನಷ್ಟು ಮಾತ್ರವೇ ಮಳೆಯಾಗುವ ಬಾಗಲಕೋಟೆಯ ಸೀಮೆಯಲ್ಲಿ ಒಮ್ಮೆ ಕಳೆದ ಹದವು ತಿರುಗಿ ದೊರೆಯುವುದು ದುರ್ಲಭ. ಆದಕಾರಣ ಬೀಜವನ್ನು ದೂರುವ ಮುನ್ನ ಹೊಲದ ನೆಲವನ್ನು ನೋಡುವುದು ಲೇಸು. ಹೊಸ ಮಣ್ಣಿನ ಸಣ್ಣ ಗುಪ್ಪೆಗಳು ಕಂಡರೆ ಅಪರಾಧಿಯು ಅಲ್ಲಿಯೇ ಕೆಳಗೆ ಅಡಗಿದೆಯೆಂದು ತಿಳಿಯಬೇಕು.

ಹೊಲದಲ್ಲಿ ವಾಸಿಸುವ ಚಿಮ್ಮಂಡೆಗಳಲ್ಲಿ ಮುಖ್ಯವಾದವು ಮೂರು ಬಗೆ. ಮೊದಲನೆಯದು ದೊಡ್ಡ ಕಂದುಬಣ್ಣದ್ದು. ಉದ್ದದಲ್ಲಿ ಸುಮಾರು ಎರಡು ಅಂಗುಲವಿದ್ದು, ತಲೆ ದಪ್ಪವಾಗಿಯೂ ದವಡೆಗಳು ಬಲವಾಗಿಯೂ ಇರುತ್ತವೆ. ಮರಳು ಬೆರೆತ ಹಗುರಾದ ಮಸಾರಿ ನೆಲವೇ ಇದಕ್ಕೆ ಒಗ್ಗುವುದು. ಬಾದಾಮಿಯ ಮರಳುಗಲ್ಲಿನ ಗುಡ್ಡಗಳ ಬುಡದಲ್ಲಿರುವ ಕೆಮ್ಮಣ್ಣಿನ ಹೊಲಗಳು ಇಂಥವು. ಈ ಹುಳವು ದವಡೆಯಿಂದ ಮಣ್ಣನ್ನು ಕಡಿದು, ಕಾಲುಗಳಿಂದ ಹಿಂದಕ್ಕೆ ನೂಕಿ, ಒಂದರಿಂದ ಮೂರು ಅಡಿ ಆಳದವರೆಗೆ ಓರೆಯಾಗಿ ಬಿಲವನ್ನು ತೋಡುತ್ತದೆ. ಬಿಲದ ತುದಿಯಲ್ಲಿ ಅಗಲವಾದ ಕೋಣೆಯಿರುತ್ತದೆ. ಸಾಮಾನ್ಯವಾಗಿ ಒಂದು ಬಿಲದಲ್ಲಿ ಒಂದೇ ಹುಳವು ವಾಸಿಸುವುದು. ಹಗಲಿನಲ್ಲಿ ಅದು ಬಿಲದ ಬಾಯನ್ನು ಸಡಿಲು ಮಣ್ಣಿನಿಂದ ಮುಚ್ಚಿಕೊಂಡು ಒಳಗಿರುತ್ತದೆ. ಕತ್ತಲಾದೊಡನೆ ಹೊರಬಂದು ಶೇಂಗಾ, ಹತ್ತಿ, ಮೆಣಸಿನ ಸಸಿ ಮೊದಲಾದವುಗಳನ್ನು ಕತ್ತರಿಸಿ ಒಳಕ್ಕೆ ಎಳೆದೊಯ್ಯುತ್ತದೆ. ತಿನ್ನುವುದಕ್ಕಿಂತ ಹೆಚ್ಚಾಗಿ ಕೂಡಿಡುವ ಗುಣವಿರುವುದರಿಂದಲೇ ಹಾನಿಯು ಹುಳದ ಸಂಖ್ಯೆಯನ್ನು ಮೀರಿ ತೋರುತ್ತದೆ.

ಈ ಕೂಡಿಡುವಿಕೆಗೆ ಕಾರಣವುಂಟು. ಹೆಣ್ಣು ಬಿಲದ ಒಳಗೇ ಮೊಟ್ಟೆಗಳನ್ನು ಗುಂಪಾಗಿ ಇಡುತ್ತದೆ. ಮೊಟ್ಟೆಯೊಡೆದ ಮರಿಗಳು ಕೆಲಕಾಲ ತಾಯಿಯು ಸಂಗ್ರಹಿಸಿದ ಎಲೆಗಳನ್ನೇ ತಿಂದು, ಬಳಿಕ ಚದರಿ, ತಮ್ಮ ತಮ್ಮ ಸಣ್ಣ ಬಿಲಗಳನ್ನು ತೋಡಿಕೊಳ್ಳುತ್ತವೆ. ವರ್ಷಕ್ಕೆ ಒಂದೇ ಪೀಳಿಗೆ. ಹೀಗಾಗಿ ತಾಯಿಹುಳವೊಂದನ್ನು ಸಕಾಲದಲ್ಲಿ ಹಿಡಿದರೆ ಮುಂದಿನ ವರ್ಷದ ಹಲವಾರು ಹುಳಗಳನ್ನು ತಡೆದಂತಾಗುತ್ತದೆ.

ಎರಡನೆಯದು ಎರೆ ಭೂಮಿಯ ಕಪ್ಪು ಚಿಮ್ಮಂಡೆ. ಹುನಗುಂದದ ಜೋಳದ ಹೊಲಗಳಂಥ ಎರೆ ನೆಲದಲ್ಲಿ ಇದು ನೆಲದ ಬಿರುಕು, ಹೆಂಟೆ, ಕಸದ ರಾಶಿಗಳ ಕೆಳಗೆ ಆಶ್ರಯ ಪಡೆಯುತ್ತದೆ. ಆಳವಾದ ಮನೆಯನ್ನು ಕಟ್ಟುವ ಶ್ರಮ ಅದಕ್ಕೆ ಬೇಕಿಲ್ಲ. ಇದರ ಹೆಣ್ಣಿಗೆ ಸೂಜಿಯಂತೆ ಉದ್ದವಾದ ಅಂಗವಿದ್ದು, ಅದನ್ನು ಹಸಿಮಣ್ಣಿನಲ್ಲಿ ಚುಚ್ಚಿ ಮೊಟ್ಟೆಯಿಡುತ್ತದೆ. ಸತ್ತ ಹುಳಗಳನ್ನೂ ಕಳೆಯ ಬೀಜಗಳನ್ನೂ ಇದು ತಿನ್ನುವುದರಿಂದ ಎಲ್ಲ ಕಾಲದಲ್ಲಿಯೂ ಇದನ್ನು ಶತ್ರುವೆಂದು ಎಣಿಸಲಾಗದು.

ಮೂರನೆಯದು ನೀರಾವರಿ ಹೊಲಗಳಲ್ಲಿ ಕಾಣುವ, ಮಣ್ಣು ಅಗೆಯುವ ಚಿಮ್ಮಂಡೆ. ಇದರ ಮುಂಗಾಲುಗಳು ಗುದ್ದಲಿಯಂತೆ ಅಗಲವಾಗಿವೆ. ಘಟಪ್ರಭೆ, ಮಲಪ್ರಭೆಗಳ ಕಾಲುವೆಯ ನೀರುಂಡ ಹಸಿನೆಲದಲ್ಲಿ ಇದು ಮೇಲ್ಪದರದ ಕೆಳಗೇ ಸುರಂಗ ತೋಡುತ್ತ ಸಾಗುವುದರಿಂದ ನೆಲವು ಗೆರೆಯಂತೆ ಉಬ್ಬಿರುತ್ತದೆ. ಎಳೆಯ ಬೇರುಗಳು ಕಡಿದುಹೋಗುತ್ತವೆ. ಇದರ ಹೆಣ್ಣು ನೆಲದೊಳಗಿನ ಗೂಡಿನಲ್ಲಿ ಮೊಟ್ಟೆಯಿಟ್ಟು ಕಾವಲಿರುತ್ತದೆ.

ರಾತ್ರಿ ಕೇಳುವ ಧ್ವನಿಯು ಈ ಹುಳಗಳ ಗಂಟಲಿನದಲ್ಲ. ಗಂಡು ಮಾತ್ರವೇ ತನ್ನ ಮುಂದಿನ ರೆಕ್ಕೆಗಳನ್ನು ಒಂದಕ್ಕೊಂದು ಉಜ್ಜಿ ಹೆಣ್ಣನ್ನು ಕರೆಯುತ್ತದೆ. ಕೇಳುವ ಅಂಗಗಳು ಮುಂಗಾಲುಗಳಲ್ಲಿವೆ. ಮಣ್ಣು ಅಗೆಯುವ ಚಿಮ್ಮಂಡೆಯ ಗಂಡು ತನ್ನ ಬಿಲದ ಬಾಯನ್ನು ಕಹಳೆಯ ಆಕಾರದಲ್ಲಿ ಕೊರೆದು ಧ್ವನಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಬ್ರಿಟಿಷ್ ವಿಜ್ಞಾನಿ ಬೆನೆಟ್-ಕ್ಲಾರ್ಕ್ ಅವರು 1970ರಲ್ಲಿ ಪ್ರಕಟಿಸಿದ ಶೋಧನೆಯಂತೆ, ಫ್ರಾನ್ಸ್ ದೇಶದ ಇಂಥದೊಂದು ಜಾತಿಯ ಕೂಗು ಗಾಳಿಯಿಲ್ಲದ ರಾತ್ರಿ ಸುಮಾರು 600 ಮೀಟರ್ ದೂರಕ್ಕೆ ಕೇಳಿಸುತ್ತದೆ. ಕೂಗಿನ ಜಾಡು ಹಿಡಿದು ಬಿಲವನ್ನು ಗುರುತಿಸಿಡುವುದು ಒಕ್ಕಲಿಗನಿಗೂ ಸಾಧ್ಯ.

ನಿವಾರಣೋಪಾಯಗಳು ಸುಲಭವಾದವು. ಬಿಸಿಲೇರುವ ಮುನ್ನ ಹೊಲದಲ್ಲಿ ತಿರುಗಿ, ಹಸಿಯಾದ ಹೊಸ ಮಣ್ಣಿನ ಗುಪ್ಪೆಗಳಿಗೆ ಗುರುತಿನ ಕಡ್ಡಿ ನೆಡತಕ್ಕದ್ದು. ಒಣಗಿದ ಹಳೆಯ ಗುಪ್ಪೆಯ ಬಿಲವು ಬಹುಶಃ ಬರಿದಾಗಿರುತ್ತದೆ. ಬಾಯಿಯ ಮಣ್ಣನ್ನು ಸರಿಸಿ, ಸ್ವಲ್ಪ ಸಾಬೂನು ಕರಗಿಸಿದ ನೀರನ್ನು ಸುರಿದರೆ ಹುಳವು ಮೇಲೆ ಬರುತ್ತದೆ. ಬಾರದಿದ್ದರೆ ಬಿಲದ ಜಾಡಿನಲ್ಲಿ ಅಗೆದು ಹಿಡಿಯಬೇಕು. ಬೆಳೆ ತೆಗೆದ ಮೇಲೆ ಮಾಗಿ ಉಳುಮೆ ಮಾಡಿದರೆ ಮೇಲ್ಪದರದ ಮೊಟ್ಟೆಗಳೂ ಮರಿಗಳೂ ಬಿಸಿಲಿಗೆ ಬಿದ್ದು, ಕಾಗೆ, ಗೊರವಂಕಗಳಿಗೆ ಆಹಾರವಾಗುತ್ತವೆ. ಬದುಗಳ ಕಸವನ್ನು ತೆಗೆಯುವುದೂ ಅವಶ್ಯ. ಚಿಮ್ಮಂಡೆಗಳನ್ನು ಬೇಟೆಯಾಡುವ ಗೂಬೆ, ಕಪ್ಪೆ, ಕಣಜಗಳನ್ನು ಕೊಲ್ಲಬಾರದು. ವಿಷದ ತಿನಿಸನ್ನು ಇಡಬೇಕಾದಷ್ಟು ಹಾವಳಿಯಾದಲ್ಲಿ ಹೋಬಳಿಯ ರೈತ ಸಂಪರ್ಕ ಕೇಂದ್ರದವರನ್ನು ಕೇಳಿಯೇ ಇಡಬೇಕು. ದನಕರುಗಳನ್ನೂ ಕೋಳಿಗಳನ್ನೂ ಆ ಹೊಲದಿಂದ ದೂರವಿಡತಕ್ಕದ್ದು.

ಒಬ್ಬನ ಹೊಲದಲ್ಲಿ ಉಳಿದ ಹುಳವು ನೆರೆಯವನ ಬದುವನ್ನು ದಾಟದೆ ಬಿಡದು. ಆದುದರಿಂದ ಊರ ಹಿರಿಯರೂ ಜಮೀನುದಾರರೂ ಬಿತ್ತಿಗೆಯಾದ ಮೊದಲ ವಾರಗಳಲ್ಲಿ ಒಕ್ಕಲಿಗರನ್ನು ಕೂಡಿಸಿ, ಎಲ್ಲ ಹೊಲಗಳಲ್ಲಿಯೂ ಒಂದೇ ಕಾಲಕ್ಕೆ ಬಿಲಗಳನ್ನು ಶೋಧಿಸುವ ಏರ್ಪಾಡು ಮಾಡುವುದು ಹಿತಕರ. ಇದಕ್ಕೆ ಹಣದ ವೆಚ್ಚವು ಅಲ್ಪ. ಉಳಿಯುವುದು ಬೀಜ, ದುಡಿಮೆ ಮತ್ತು ಮತ್ತೆ ದೊರೆಯದ ಮಳೆಯ ಹದ.